ಒಂಬತ್ತನೆಯ ಜಾಡಿ

ಎಲ್ಮ್ ಪ್ರೇರಿಯಲ್ಲಿ ಇದುವರೆಗೆ ಯಾರ ಮನೆಯ ಪಾತ್ರೆಯೂ ಕಳೆದುಹೋದದ್ದಿಲ್ಲ. ಅಮೆರಿಕದ ಅಯೋವಾ ರಾಜ್ಯದ ಆ ಊರಿನಲ್ಲಿ ಚರ್ಚಿನ ಸಹಭೋಜನಕ್ಕೆ ಅರವತ್ತು ಮನೆಯವರು ಅರವತ್ತು ಪಾತ್ರೆ ತರುತ್ತಾರೆ. ಸಂಜೆ ಅರವತ್ತೂ ತಂತಮ್ಮ ಮನೆ ಸೇರುತ್ತವೆ. ಏಕೆಂದರೆ ಪ್ರತಿಯೊಂದಕ್ಕೂ ಒಂದು ತುಂಡು ಕಾಗದದ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಮನೆಯವರ ಹೆಸರು ಬರೆದಿರುತ್ತಾರೆ. ಊರಿನ ಮೊದಲ ಕಾನೂನು ಇದು. ಇನ್ನೊಬ್ಬರ ಪಾತ್ರೆಯನ್ನು ಖಾಲಿಯಾಗಿ ಹಿಂತಿರುಗಿಸಬಾರದು ಎಂಬುದು ಎರಡನೆಯದು. ಯಾರು ಏನು ಕೊಟ್ಟರೂ ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ತೆಗೆದುಕೊಳ್ಳಬೇಕು ಎಂಬುದು ಮೂರನೆಯದು. ಈ ಮೂರನ್ನೂ ಎಲ್ಲಿಯೂ ಬರೆದಿಟ್ಟಿಲ್ಲ. ಹಾಗಾಗಿಯೇ ಎಲ್ಲರೂ ಪಾಲಿಸುತ್ತಾರೆ.

ಬರೆದಿಟ್ಟ ನಿಯಮಗಳ ಗತಿ ಏನಾಗುತ್ತದೆ ಎಂಬುದನ್ನು ವೆಂಡೆಲ್ ಓಸ್ಟ್‌ಬಿಯ ಪ್ರಕರಣ ತೋರಿಸಿಕೊಟ್ಟಿತು.

ವೆಂಡೆಲ್‌ಗೆ ಅರವತ್ಮೂರು ವರ್ಷ. ಕೌಂಟಿಯ ರಸ್ತೆ ಇಲಾಖೆಯಲ್ಲಿ ಫಲಕಗಳಿಗೆ ಬಣ್ಣ ಬಳಿದು ನಿವೃತ್ತನಾದವನು. ಪಕ್ಷದ ಕೌಂಟಿ ಸಮಿತಿಯಲ್ಲಿ ಮೂವತ್ತೊಂದು ವರ್ಷದಿಂದ ಸದಸ್ಯ. ಆ ಮೂವತ್ತೊಂದು ವರ್ಷಗಳಲ್ಲಿ ಅವನು ಮಾಡಿದ ಕೆಲಸ ಒಂದೇ: ಸಭೆಗೆ ಮುಂಚೆ ಮಡಿಸುವ ಕುರ್ಚಿಗಳನ್ನು ಬಿಡಿಸುವುದು, ಸಭೆ ಮುಗಿದ ಮೇಲೆ ಬಿಡಿಸಿದ ಕುರ್ಚಿಗಳನ್ನು ಮಡಿಸುವುದು. ಈ ನಡುವೆ ಸಭೆಯಲ್ಲಿ ಏನು ನಡೆಯಿತೆಂದು ಅವನನ್ನು ಯಾರೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಆ ವಸಂತದಲ್ಲಿ ರಾಜ್ಯದ ಶಾಸನಸಭೆಯಲ್ಲಿ ಇಪ್ಪತ್ತೆಂಟು ವರ್ಷ ಕೂತಿದ್ದ ಹಳೆಯ ಸದಸ್ಯರೊಬ್ಬರು ಸಾಕು ಎಂದರು. ಇಪ್ಪತ್ತೆಂಟು ವರ್ಷದಿಂದ ಕಾಯುತ್ತಿದ್ದ ಎಂಟು ಜನ ತಾವಿದ್ದೇವೆ ಎಂದರು. ಜೂನ್ ಮೊದಲ ವಾರ, ಪಕ್ಷದ ಅಭ್ಯರ್ಥಿಯನ್ನು ಜನರೇ ಆರಿಸುವ ಒಳಚುನಾವಣೆ. ಅದಕ್ಕೆ ಮುಂಚೆ ಶಾಲೆಯ ವೇದಿಕೆಯ ಮೇಲೆ ಅಭ್ಯರ್ಥಿಗಳ ಚರ್ಚೆ ನಡೆಸುವುದು ವಾಡಿಕೆ. ಆದರೆ ಇಡೀ ಕೌಂಟಿಯಲ್ಲಿ ನಿಂತು ಮಾತಾಡುವ ಭಾಷಣಪೀಠಗಳಿದ್ದದ್ದು ಐದೇ. ಒಂದು ಶಾಲೆಯದು, ಒಂದು ಲೂಥರನ್ ಚರ್ಚಿನದು, ಒಂದು ಕ್ಯಾಥೊಲಿಕ್ ಚರ್ಚಿನದು, ಒಂದು ಹರಾಜು ಕಟ್ಟೆಯದು, ಕೊನೆಯದು ಶವಸಂಸ್ಕಾರದ ಮನೆಯದು.

"ಐವರನ್ನು ಆರಿಸಬೇಕು. ಹೇಗೆ?" ಎಂದು ಕೇಳಿದರು ಸಮಿತಿಯ ಅಧ್ಯಕ್ಷೆ ಬರ್ನಿಸ್ ಹೋವ್ಲಂಡ್. ಎಪ್ಪತ್ತಾರರ ನಿವೃತ್ತ ಶಾಲಾ ಶಿಕ್ಷಕಿ. ಸಮಿತಿಯ ಅರ್ಧ ಜನ ಅವರ ಕೈಯಲ್ಲೇ ಆರನೇ ತರಗತಿ ಪಾಸಾದವರು. ಅವರು "ಹೇಗೆ" ಎಂದರೆ ಈಗಲೂ ಎಲ್ಲರೂ ಮೇಜು ನೋಡುತ್ತಿದ್ದರು.

ಆಗ ಹಿಂದಿನ ಸಾಲಿನಿಂದ ಕೆಮ್ಮು ಕೇಳಿಸಿತು.

"ಮಿಸೆಸ್ ಹೋವ್ಲಂಡ್," ಎಂದ ವೆಂಡೆಲ್, "ರೈತರ ಸಹಕಾರಿ ಸಂಘದ ಕಚೇರೀಲಿ ಜಾಡಿ ಇಡೋಣ. ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಜಾಡಿ. ಬಿತ್ತನೆ ಬೀಜಕ್ಕೆ ಅಂತ ಎಲ್ಲರೂ ಅಲ್ಲಿಗೆ ಬಂದೇ ಬರ್ತಾರೆ. ಬಂದೋರು ಒಂದೊಂದು ಮೆಕ್ಕೆಜೋಳದ ಕಾಳು ತಮಗೆ ಬೇಕಾದ ಜಾಡೀಲಿ ಹಾಕಲಿ. ಹೆಚ್ಚು ಕಾಳು ಬಿದ್ದ ಐವರು ವೇದಿಕೆ ಹತ್ತಲಿ."

ಎಲ್ಲರೂ ತಿರುಗಿ ನೋಡಿದರು. ಕೆಲವರು ಅವನ ಧ್ವನಿಯನ್ನು ಅಂದೇ ಮೊದಲು ಕೇಳಿದ್ದು.

ಸಲಹೆ ಪಾಸಾಯಿತು. ನಿಯಮಾವಳಿ ಬರೆಯುವ ಹೊಣೆಯೂ ಅವನ ಮೇಲೆಯೇ ಬಿತ್ತು. ವೆಂಡೆಲ್ ಮನೆಗೆ ಹೋಗಿ ಗ್ಯಾರೇಜಿನಲ್ಲಿ ಕೂತು, ಮೂರು ಸಂಜೆ ಹೆಣಗಿ, ನಾಲ್ಕು ಪುಟದ ಹನ್ನೆರಡು ನಿಯಮ ಬರೆದ. ದೇಶದ ಸಂವಿಧಾನಕ್ಕೂ ಮೊದಲಿಗೆ ನಾಲ್ಕೇ ಪುಟವಿತ್ತೆಂದು ಅವನು ಎಲ್ಲೋ ಓದಿದ್ದ. ಅದು ಅವನಿಗೆ ಸಮಾಧಾನ ಕೊಟ್ಟಿತು.

ಏಳನೆಯ ನಿಯಮದ ಬಗ್ಗೆ ಅವನಿಗೆ ವಿಶೇಷ ಅಭಿಮಾನ. ಒಮ್ಮೆ ಘೋಷಿಸಿದ ಐದು ಹೆಸರುಗಳನ್ನು ಅಧ್ಯಕ್ಷರೂ ಸೇರಿದಂತೆ ಯಾರೂ ಬದಲಿಸುವಂತಿಲ್ಲ. ಅಭ್ಯರ್ಥಿ ತಾನಾಗಿ ಹಿಂದೆ ಸರಿದರೆ ಅವನ ಪೀಠ ಖಾಲಿ ಉಳಿಯಬೇಕೇ ಹೊರತು ಇನ್ನೊಬ್ಬರಿಗೆ ಹೋಗಕೂಡದು, ಏಕೆಂದರೆ ಯಾರನ್ನೋ ಹೆದರಿಸಿ ಸರಿಸಿ ಇನ್ಯಾರನ್ನೋ ನಿಲ್ಲಿಸುವ ಅಪಾಯವುಂಟು. ಈ ನಿಯಮಾವಳಿಯನ್ನು ಮುರಿದವರನ್ನು ಮಾತ್ರ ಅಲ್ಲಿಯೇ ತೆಗೆದು, ಆರನೆಯವರನ್ನು ಕರೆಯಬಹುದು. ಹನ್ನೊಂದನೆಯದನ್ನು ಅವನು ತನ್ನ ಅನುಭವದಿಂದ ಬರೆದ. ಬಿತ್ತನೆಯ ಧೂಳಿಗೆ ಪ್ರತಿ ಮೇ ತಿಂಗಳಲ್ಲೂ ಅವನ ಗಂಟಲು ಕಟ್ಟುತ್ತಿತ್ತು. ಆದ್ದರಿಂದ ಧ್ವನಿ ನಿಜವಾಗಿ ಹೋದ ಅಭ್ಯರ್ಥಿಯ ಪರವಾಗಿ ಅವನು ಆರಿಸಿದ ಒಬ್ಬರು, ಅಭ್ಯರ್ಥಿಯೇ ಮಾತಾಡಿದಂತೆ, ಓದಿ ಹೇಳಬಹುದು.

ಬರೆಯಲು ಮರೆತದ್ದು ಒಂದೇ. ಅಭ್ಯರ್ಥಿ ಎಂದರೆ ಯಾರು ಎಂಬುದು.

"ಎಂಟು ಜಾಡಿ ಬೇಕು," ಎಂದ ಅವನು ಹೆಂಡತಿಗೆ.

ಆರ್ಲಿಸ್ ನೆಲಮಾಳಿಗೆಯಿಂದ ಉಪ್ಪಿನಕಾಯಿಯ ಒಂಬತ್ತು ಗಾಜಿನ ಜಾಡಿ ತಂದಳು. "ಎಂಟು ನಿನ್ನ ದೊಡ್ಡ ಮನುಷ್ಯರಿಗೆ. ಒಂಬತ್ತನೇದರಲ್ಲಿ ಕಾಳು ತುಂಬಿಸಿಡು, ಬಂದೋರು ಅದರಿಂದ ತಗೊಂಡು ಹಾಕಲಿ. ಅದು ನನ್ನಮ್ಮನ ಜಾಡಿ, ನೀಲಿ ಗಾಜಿಂದು. ಕಳೆದುಕೊಂಡು ಬಂದೆ ಅಂದರೆ ನೀನೂ ಬರಬೇಡ."

ಎಂಟು ಜಾಡಿಗಳ ಮೇಲೆ ಅಂಟುಪಟ್ಟಿ ಹಚ್ಚಿ ಅಭ್ಯರ್ಥಿಗಳ ಹೆಸರು ಬರೆದವಳು ಆರ್ಲಿಸಳೇ. ಜೀವನವಿಡೀ ಫಲಕ ಬರೆದವನ ಕೈಬರಹ ಕಾಗದದ ಮೇಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂಬತ್ತನೆಯದರ ಮೇಲೆ, ವಾಪಸು ಬರಲೆಂದು, ಅದೇ ಅಂಟುಪಟ್ಟಿ ಹಚ್ಚಿ, ಅದೇ ಶಾಯಿಯಲ್ಲಿ, ಅದೇ ದುಂಡು ಅಕ್ಷರದಲ್ಲಿ ಬರೆದಳು: ವೆಂಡೆಲ್ ಓಸ್ಟ್‌ಬಿ.

ಸಹಕಾರಿ ಸಂಘದ ಗುಮಾಸ್ತ ಡಾರಿಲ್ ಜಾಡಿಗಳನ್ನು ಕಟ್ಟೆಯ ಮೇಲೆ ಇಟ್ಟುಕೊಂಡ. ಮೊದಲ ದಿನವೇ ಒಬ್ಬ ರೈತ ಕಾಳಿಗೆಂದು ಒಂಬತ್ತನೆಯ ಜಾಡಿಗೆ ಕೈ ಹಾಕಿದ. ಕೈ ಹೊರಬರಲಿಲ್ಲ. ಸೋಪು ಹಚ್ಚಿ ಎಳೆಯಬೇಕಾಯಿತು. ಡಾರಿಲ್ ಕಾಳನ್ನೆಲ್ಲ ಐಸ್‌ಕ್ರೀಮಿನ ಹಳೆಯ ಬಕೆಟ್ಟಿಗೆ ಸುರಿದ. ಬರಿದಾದ ಜಾಡಿಯ ಮೇಲೆ ಹೆಸರು ಕಂಡಿತು. ಹೆಸರಿದ್ದ ಜಾಡಿಗಳ ಸಾಲಿನಲ್ಲಿ ಅದನ್ನೂ ಇಟ್ಟ. ಡಾರಿಲ್‌ನನ್ನು ಇದಕ್ಕಾಗಿ ದೂರುವಂತಿಲ್ಲ. ಅವನು ಅಚ್ಚುಕಟ್ಟಿನ ಮನುಷ್ಯ.

ನಾಲ್ಕನೆಯ ದಿನ ವೆಂಡೆಲ್ ಪರಿಶೀಲನೆಗೆ ಹೋದ. ಕಚೇರಿಯಲ್ಲಿ ಯಾರೂ ಇರಲಿಲ್ಲ. ಡಾರಿಲ್ ಹಿಂದುಗಡೆ ಲಾರಿ ತೂಗುತ್ತಿದ್ದ. ಸಾಲಿನ ತುದಿಯಲ್ಲಿ ತನ್ನದೇ ಹೆಸರಿನ ನೀಲಿ ಜಾಡಿ ಕಂಡಿತು. ಅದರ ತಳದಲ್ಲಿ ಹನ್ನೊಂದು ಕಾಳು.

ಅವನು ಅಲ್ಲಿಯೇ ಆ ಜಾಡಿಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದರೆ ಈ ಕಥೆಗೆ ಕೆಲಸವಿರಲಿಲ್ಲ. ಅವನು ಎತ್ತಲು ಕೈಯನ್ನೇನೋ ಚಾಚಿದ. ಆದರೆ ಹನ್ನೊಂದು ಜನ! ಹನ್ನೊಂದು ಜನ ಈ ಹೆಸರನ್ನು ಓದಿ, ಆಲೋಚಿಸಿ, ಇವನಾಗಬಹುದು ಅಂದುಕೊಂಡಿದ್ದರು. ಯಾರಿರಬಹುದು? ವೆಂಡೆಲ್ ಸುತ್ತ ನೋಡಿದ. ನಾಳೆ ತೆಗೆದರಾಯಿತು ಎಂದುಕೊಂಡ. ಆಮೇಲೆ, ಹನ್ನೊಂದು ಬೆಸ ಸಂಖ್ಯೆ, ಚೆನ್ನಾಗಿ ಕಾಣುವುದಿಲ್ಲ ಎಂಬಂತೆ, ಬಕೆಟ್ಟಿನಿಂದ ಒಂದು ಕಾಳು ತೆಗೆದು ನೀಲಿ ಜಾಡಿಯೊಳಗೆ ಹಾಕಿದ. ಅದು ಠಣ್ಣೆಂದಿತು. ಅವನು ಓಡುವ ನಡಿಗೆಯಲ್ಲಿ ಹೊರಬಂದ.

ನಾಳೆ ಅವನಿಗೆ ಬೇರೆ ಕೆಲಸವಿತ್ತು. ನಾಡಿದ್ದೂ ಇತ್ತು.

ಎರಡನೆಯ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಎಣಿಕೆ. ಊರಿನ ರೇಡಿಯೋದವರು ನೇರ ಪ್ರಸಾರಕ್ಕೆ ಬಂದಿದ್ದರು. ಅಭ್ಯರ್ಥಿಗಳಲ್ಲಿ ಒಬ್ಬನಾದ ಬೀಜದ ವ್ಯಾಪಾರಿಯ ಜಾಡಿಯಲ್ಲಿ ಔಷಧಿ ಸವರಿದ ಗುಲಾಬಿ ಬಣ್ಣದ ಬಿತ್ತನೆ ಕಾಳು ಇಪ್ಪತ್ತಿದ್ದವು. ಬಕೆಟ್ಟಿನಲ್ಲಿದ್ದದ್ದು ಹಳದಿ ಕಾಳು ಮಾತ್ರ. ಬರ್ನಿಸ್ ಕನ್ನಡಕ ಏರಿಸಿ ಅವನ್ನು ನೋಡಿದರು, ಬಳಿಕ ವ್ಯಾಪಾರಿಯನ್ನು ನೋಡಿದರು, ಇಪ್ಪತ್ತನ್ನೂ ತಿಪ್ಪೆಗೆ ಹಾಕಿಸಿದರು. ವಕೀಲನ ಜಾಡಿಯಲ್ಲಿ ಒಂದು ಸೋಯಾ ಕಾಳು ಸಿಕ್ಕಿತು. ಅದು ಎದುರು ಪಕ್ಷದವರ ಕಿಡಿಗೇಡಿತನವೆಂದು ದಾಖಲಾಯಿತು.

ಮೊದಲ ನಾಲ್ಕು ಸ್ಥಾನ ನಿರೀಕ್ಷಿಸಿದಂತೆಯೇ: ಬೀಜದ ವ್ಯಾಪಾರಿ, ವಕೀಲ, ಹರಾಜುಗಾರ ಮರ್ಲ್ ಷೂಕ್, ಕೈಯಿಂದಲೇ ಬೆನ್ನುಮೂಳೆ ಸರಿಪಡಿಸುವ ವೈದ್ಯ ಡಾಕ್ಟರ್ ಗ್ರೋಟ್.

"ಐದನೆಯ ಸ್ಥಾನ," ಎಂದು ರೇಡಿಯೋದವನು ಓದಿದ, "ಐವತ್ತೊಂಬತ್ತು ಕಾಳುಗಳೊಂದಿಗೆ ವೆಂಡೆಲ್ ಓಸ್ಟ್‌ಬಿ. ಆರನೆಯ ಸ್ಥಾನ, ಐವತ್ತೆಂಟು ಕಾಳುಗಳೊಂದಿಗೆ ಲೊರೆಟಾ ಕ್ರೆಬ್ಸ್. ಒಂದೇ ಒಂದು ಕಾಳು, ಶ್ರೋತೃಗಳೇ!"

ಆ ಹೊತ್ತಿಗೆ ವೆಂಡೆಲ್ ಶಾಲೆಯಲ್ಲಿ ಕುರ್ಚಿ ಎಣಿಸುತ್ತಿದ್ದ. ಕೈಯಲ್ಲಿದ್ದ ಪುಟ್ಟ ರೇಡಿಯೋದಲ್ಲಿ ಅದನ್ನು ಕೇಳಿ ಇನ್ನೂರ ನಾಲ್ಕನೆಯ ಕುರ್ಚಿಯ ಮೇಲೆ ಕೂತುಬಿಟ್ಟ. ಐವತ್ತೊಂಬತ್ತರಲ್ಲಿ ಒಂದನ್ನು ಕಳೆದರೆ ಐವತ್ತೆಂಟು. ಆ ಒಂದು ಅವಳ ಜಾಡಿಗೆ ಬಿದ್ದಿದ್ದರೆ ಐವತ್ತೊಂಬತ್ತು. ಲೆಕ್ಕ ಮೂರನೇ ತರಗತಿಯದು. ಎಷ್ಟು ಸಲ ಮಾಡಿದರೂ ಉತ್ತರ ಬದಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಅವನು ಬರ್ನಿಸ್ ಮನೆಗೆ ಹೋದ. ಅವರು ಕಾಫಿ ಬಗ್ಗಿಸಿದರು.

"ಮಿಸೆಸ್ ಹೋವ್ಲಂಡ್, ನನಗೆ ಆ ಸ್ಥಾನ ಬೇಡ."

ಬರ್ನಿಸ್ ತಲೆದೂಗಿದರು. ಒಳ್ಳೆಯ ಮನೆತನದವನು ಮೊದಲ ಸಲ ಹಾಗೆಯೇ ಹೇಳಬೇಕು. "ಜನ ಆರಿಸಿದ್ದಾರೆ, ವೆಂಡೆಲ್. ನಿಲ್ಲಬೇಕು."

"ಇಲ್ಲ ಇಲ್ಲ. ನಾನು ಎಲ್ಲಿ, ಅದೆಲ್ಲಿ. ಬೇಡ."

ಎರಡು. ಬರ್ನಿಸ್ ಕಾಫಿ ಪಾತ್ರೆ ಕೆಳಗಿಟ್ಟು ಕೈ ಕಟ್ಟಿಕೊಂಡರು. "ಕೊನೆಯ ಸಲ ಕೇಳ್ತೀನಿ. ನಿಲ್ತೀಯಾ?"

ಅರವತ್ಮೂರು ವರ್ಷ ಈ ಊರಿನಲ್ಲಿ ಬೆಳೆದ ನಾಲಗೆ ಮೂರನೆಯ ಸಲಕ್ಕೆ ಒಡೆಯನ ಮಾತು ಕೇಳುವುದಿಲ್ಲ. "ಸರಿ, ನೀವು ಅಷ್ಟು ಹೇಳಿದರೆ," ಎಂದುಬಿಟ್ಟ ವೆಂಡೆಲ್. ಅಂದ ಮೇಲೆ ಗಾಬರಿಯಾಗಿ, "ಅಲ್ಲ, ಅದು ನಮ್ಮ ಕಾಳು ತುಂಬೋ ಜಾಡಿ. ಸಾಲಿನಲ್ಲಿ ತಪ್ಪಿ ಸೇರಿಕೊಂಡಿದೆ!"

"ಹಾಗೋ? ಅಲ್ಲಿ ಅದು ಇದೆ ಅಂತ ನಿನಗೆ ಯಾವಾಗ ಗೊತ್ತಾಯಿತು?" ಎಂದರು ಬರ್ನಿಸ್. ಆರನೇ ತರಗತಿಯಲ್ಲಿ ಒಡೆದ ಕಿಟಕಿಯ ಬಗ್ಗೆ ಕೇಳಿದ ಧ್ವನಿಯೇ.

ವೆಂಡೆಲ್ ಬಟ್ಟಲಿನೊಳಗೆ ನೋಡಿದ. "ಕಾಫಿ ಚೆನ್ನಾಗಿದೆ," ಎಂದ.

"ಇದೆ. ಒಳಚುನಾವಣೆಯ ಚೀಟಿಯಲ್ಲಿ ಯಾರ ಹೆಸರನ್ನಾದರೂ ಕೈಯಲ್ಲಿ ಬರೆದು ಓಟು ಹಾಕಬಹುದು, ಆದ್ದರಿಂದ ನೀನೂ ಅಭ್ಯರ್ಥಿಯೇ. ನಿನ್ನ ಏಳನೇ ನಿಯಮದ ಪ್ರಕಾರ ನಾನು ನಿನ್ನ ಹೆಸರು ತೆಗೆಯೋ ಹಾಗಿಲ್ಲ. ನೀನು ಬರದಿದ್ದರೆ ಪೀಠ ಖಾಲಿ ಇರುತ್ತೆ, ಲೊರೆಟಾಗೆ ಹೋಗಲ್ಲ. ನಿಯಮ ಮುರಿದೋರನ್ನು ಮಾತ್ರ ತೆಗೀಬಹುದು. ನೀನು ಜೀವನದಲ್ಲಿ ಒಂದು ನಿಯಮವನ್ನಾದರೂ ಮುರಿದವನಲ್ಲ." ಅವರು ಅವನ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದರು. "ಮೂವತ್ತೊಂದು ವರ್ಷ ನೀನು ಸುಮ್ಮನೆ ಕುರ್ಚಿ ಹಾಕ್ತಿದ್ದೆ ಅಂದ್ಕೊಂಡಿದ್ದೆ. ಎಲ್ಲಿ ಕಣ್ಣಿಟ್ಟು ಹಾಕ್ತಿದ್ದೆ ಅಂತ ಈಗ ತಿಳೀತು."

ಊರಿಗೂ ತಿಳಿದಿತ್ತು. ಪೆಟ್ರೋಲ್ ಬಂಕಿನಲ್ಲಿ ಬೆಳಗಿನ ಕಾಫಿಗೆ ಸೇರುವ ಮುದುಕರು ಅವನಿಗೆ ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟರು.

"ಏನೋ ವೆಂಡೆಲ್, ನಮಗೆ ಒಂದು ಮಾತೂ ಹೇಳಲಿಲ್ಲವಲ್ಲೋ!"

"ನಾನು ನಿಂತೇ ಇಲ್ಲ ಮಾರಾಯ. ಅದು ಆರ್ಲಿಸಳ ಜಾಡಿ."

"ನೋಡ್ರೋ, ಈಗಲೇ ರಾಜಕಾರಣಿ ಥರ ಮಾತಾಡ್ತಾನೆ. ತಪ್ಪೆಲ್ಲ ಹೆಂಡತಿ ಮೇಲೆ!"

"ನೀನು ಯಾಕೆ ಹಾಕಿದ್ಯೋ ಅವನಿಗೆ ಕಾಳು?" ಎಂದು ಒಬ್ಬ ಇನ್ನೊಬ್ಬನನ್ನು ಕೇಳಿದ.

"ಮಿಕ್ಕ ಎಂಟು ಜನರೂ ನನಗೆ ಒಂದಲ್ಲ ಒಂದು ಸಲ ಏನಾದರೂ ಮಾರಿದ್ದಾರೆ. ಇವನು ಏನೂ ಮಾರಿಲ್ಲ."

ಪಾದ್ರಿಗಳು ಭಾನುವಾರದ ಪ್ರಾರ್ಥನೆಯಲ್ಲಿ, ಸಾರ್ವಜನಿಕ ಹೊಣೆ ಹೊರುವ ವಿನೀತರಿಗೆ ದೇವರು ಬಲ ಕೊಡಲಿ ಎಂದರು. ಮೂರನೆಯ ಸಾಲು ಪೂರ್ತಿ ಅವನತ್ತ ತಿರುಗಿತು. ಪತ್ರಿಕೆಯಲ್ಲಿ ಅವನ ಹೆಸರು ಬಂತು. ಅದನ್ನು ಕತ್ತರಿಸಿ ತೆಗೆದಿಡಬಾರದೆಂದು ವೆಂಡೆಲ್ ನಿಶ್ಚಯಿಸಿದ. ಕತ್ತರಿಸಿ ತೆಗೆದಿಟ್ಟ.

ಬುಧವಾರ ಮಧ್ಯಾಹ್ನ ಹಳದಿ ಶಾಲಾಬಸ್ಸೊಂದು ಅವನ ಮನೆಯ ಮುಂದೆ ನಿಂತಿತು. ಲೊರೆಟಾ ಕ್ರೆಬ್ಸ್ ಇಳಿದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಬಸ್ಸು ಓಡಿಸುವವಳು. ಕೈಯಲ್ಲಿ ಒಂದು ತಟ್ಟೆ, ರೂಬಾರ್ಬ್ ಎಂಬ ಹುಳಿದಂಟು ಹಾಕಿದ ಕೇಕು.

ಅವಳು ಬೈಯಲು ಬಂದಿದ್ದರೆ ವೆಂಡೆಲ್ ತಡೆದುಕೊಳ್ಳುತ್ತಿದ್ದ.

"ಅಭಿನಂದನೆ ವೆಂಡೆಲ್. ಬಿಸಿ ಇದೆ, ಹುಷಾರು."

"ಬೇಡ ಲೊರೆಟಾ."

"ತಗೋ."

"ಬೇಡ, ಯಾಕೆ ಸುಮ್ಮನೆ."

"ತಗೋ ಅಂದೆ."

ತೆಗೆದುಕೊಂಡ. ತಟ್ಟೆಯ ಅಂಚಿನಲ್ಲಿ ಅಂಟುಪಟ್ಟಿ: ಕ್ರೆಬ್ಸ್. ಅವಳು ಕೋಟಿನ ಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದಿಷ್ಟು ಚೀಟಿ ತೆಗೆದಳು.

"ಆಟರ್ ಹಳ್ಳದ ಸೇತುವೆ ಗೊತ್ತಲ್ಲ, ಮುಚ್ಚಿ ಮೂರು ವರ್ಷ ಆಯ್ತು. ನಾನು ಹನ್ನೊಂದು ಮೈಲಿ ಸುತ್ತಿ ಬರ್ತೀನಿ. ಕೊನೇ ಮನೆ ಮಕ್ಕಳು ಬೆಳಿಗ್ಗೆ ಐದೂ ನಲವತ್ತಕ್ಕೆ ಬಸ್ಸು ಹತ್ತುತ್ತವೆ. ಒಂದನೇ ಕ್ಲಾಸಿನ ಹುಡುಗಿ ಒಬ್ಬಳಿದ್ದಾಳೆ, ಹತ್ತಿದ ತಕ್ಷಣ ನನ್ನ ಹಿಂದಿನ ಸೀಟಲ್ಲಿ ಮಲಗಿಬಿಡ್ತಾಳೆ, ಒಂದು ಕಾಲಲ್ಲಿ ಮಾತ್ರ ಶೂ. ಇನ್ನೊಂದನ್ನು ಶಾಲೆ ಹತ್ತಿರ ನಾನೇ ಹಾಕ್ತೀನಿ. ಇದನ್ನು ಹೇಳೋಕೆ ಅಂತಲೇ ನಾನು ನಿಂತದ್ದು. ನನಗೆ ಬೇರೆ ಏನೂ ಬರಲ್ಲ." ಚೀಟಿಗಳನ್ನು ಕೇಕಿನ ತಟ್ಟೆಯ ಮೇಲಿಟ್ಟಳು. "ನೀನು ಹೇಗೂ ಅಲ್ಲಿ ನಿಲ್ತೀಯಲ್ಲ. ಒಂದು ಮಾತು ಹೇಳಿಬಿಡು."

ಬಸ್ಸು ಹೋಯಿತು. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಆರ್ಲಿಸ್ ಕೇಕನ್ನು ನೋಡಿದಳು.

"ಅವಳು ತಿಂಡಿ ತಂದಳು," ಎಂದಳು.

"ಹೂಂ."

"ಗೆದ್ದವನಿಗೆ ಸೋತವಳು ತಿಂಡಿ ತರೋದು ಅಂದರೆ ಏನು ಅಂತ ಗೊತ್ತಾ? ಅದಕ್ಕೆ ನಿನ್ನ ಮುಖ ಹೀಗೆ ಬಿದ್ದಿದೆ ಅಂದರೆ ನೀನು ಏನೋ ಮಾಡಿದೀಯ. ಏನು ಮಾಡಿದೆ ವೆಂಡೆಲ್?"

ಮೂವತ್ತೆಂಟು ವರ್ಷ ಸಂಸಾರ ಮಾಡಿದವಳ ಮುಂದೆ ಕಾಫಿ ಚೆನ್ನಾಗಿದೆ ಎಂದರೆ ನಡೆಯುವುದಿಲ್ಲ. ಅವನು ಹೇಳಿದ. ಠಣ್ಣೆಂದದ್ದನ್ನೂ ಹೇಳಿದ.

ಆರ್ಲಿಸ್ ಚೀಟಿಗಳನ್ನು ಅವನ ಕೈಗಿಟ್ಟು ಕೇಕಿನ ತಟ್ಟೆ ತೆಗೆದುಕೊಂಡಳು. "ನನ್ನಮ್ಮನ ಜಾಡೀಲಿ," ಎಂದಳು. ಒಳಗೆ ಹೋದಳು.

ವೆಂಡೆಲ್ ಗ್ಯಾರೇಜಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಮುಂದೆ ನಿಂತು ಚೀಟಿಗಳನ್ನು ಓದಿ ಅಭ್ಯಾಸ ಮಾಡಿದ. ಶೂ ಇರುವ ಚೀಟಿಗೆ ಬಂದಾಗಲೆಲ್ಲ "ಅಂದರೆ, ಅದು, ಏನಪ್ಪಾ ಅಂದರೆ" ಎಂದು ನಿಂತುಹೋಗುತ್ತಿತ್ತು. ಅದು ಅವನ ಬಾಯಿಗೆ ಹೊಂದುವ ಮಾತಲ್ಲ. ಆ ಹುಡುಗಿಗೆ ಶೂ ಹಾಕಿದವನು ಅವನಲ್ಲ. ಸೋತು, ತನ್ನ ನಾಲ್ಕು ಪುಟಗಳನ್ನು ತೆಗೆದು ಮೊದಲಿನಿಂದ ಓದತೊಡಗಿದ. ಹನ್ನೊಂದನೆಯ ನಿಯಮಕ್ಕೆ ಬಂದಾಗ ಎದ್ದು ನಿಂತ. ಕೈಯನ್ನು ಮೆಲ್ಲಗೆ ಗಂಟಲ ಮೇಲೆ ಇಟ್ಟುಕೊಂಡ.

ಚರ್ಚೆಯ ದಿನ ಗುರುವಾರ ಸಂಜೆ ಏಳಕ್ಕೆ ಶಾಲೆಯ ಸಭಾಂಗಣ ತುಂಬಿತ್ತು. ಸೆಕೆಗೆ ಜನ ಕಾರ್ಯಕ್ರಮದ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ವೆಂಡೆಲ್ ಕುತ್ತಿಗೆಗೆ ಉಣ್ಣೆಯ ಕೆಂಪು ಮಫ್ಲರ್ ಮೂರು ಸುತ್ತು ಸುತ್ತಿಕೊಂಡು ಬಂದ. ಪಕ್ಕದಲ್ಲಿ ಆರ್ಲಿಸ್. ಹಿಂದೆ, ಯಾಕೆ ಕರೆದರೆಂದು ತಿಳಿಯದ ಲೊರೆಟಾ.

"ಇವನ ಧ್ವನಿ ಹೋಗಿದೆ," ಎಂದಳು ಆರ್ಲಿಸ್. ಅವಳು ಜೀವನದಲ್ಲಿ ಹೇಳಿದ ಎರಡನೆಯ ಸುಳ್ಳು ಅದು. ಮೊದಲನೆಯದು ನಾದಿನಿಯ ಅಡುಗೆಯ ಬಗ್ಗೆ. "ಹನ್ನೊಂದನೇ ನಿಯಮ. ಇವನ ಪರವಾಗಿ ಲೊರೆಟಾ ಓದ್ತಾಳೆ."

ಬರ್ನಿಸ್ ಅವನ ಮುಖವನ್ನೇ ನೋಡಿದರು. "ಯಾವಾಗ ಹೋಯಿತು ವೆಂಡೆಲ್?"

ವೆಂಡೆಲ್ ಉತ್ತರಿಸಲು ಬಾಯಿ ತೆರೆದ. ಆರ್ಲಿಸ್ ಅವನ ಕಾಲು ತುಳಿದಳು. ಬಾಯಿ ಮುಚ್ಚಿತು.

"ನಾನು ನೋಡ್ತೀನಿ ಬಿಡಿ," ಎಂದು ನಾಲ್ಕನೆಯ ಪೀಠದಿಂದ ಇಳಿದು ಬಂದರು ಡಾಕ್ಟರ್ ಗ್ರೋಟ್. ಅಗಲವಾದ ಕೈಗಳು, ಅಗಲವಾದ ನಗೆ. "ಧ್ವನಿ ಹೋಗೋದೆಲ್ಲ ಕುತ್ತಿಗೆ ಮೂಳೆಯಿಂದ. ಒಂದು ನಿಮಿಷದ ಕೆಲಸ. ನಿಜವಾಗಿ ಹೋಗಿದ್ದರೆ ವಾಪಸು ಬರುತ್ತೆ. ಹೋಗದೆ ಇದ್ದರೆ," ಅವರು ಮಫ್ಲರ್ ಬಿಚ್ಚಿ ಅವನ ಗದ್ದ ಹಿಡಿದರು, "ಕೂಗ್ತಾನೆ."

ವೈದ್ಯರು ಎಡಕ್ಕೆ ತಿರುವಿದರು. ಒಣಕಟ್ಟಿಗೆ ಮುರಿದ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ಯಾರೋ ಅಯ್ಯೋ ಎಂದರು. ವೆಂಡೆಲ್ ಅಲ್ಲ. ಬಲಕ್ಕೆ ತಿರುವಿದರು. ವೆಂಡೆಲ್‌ನ ಎರಡೂ ಕಣ್ಣಿನಿಂದ ನೀರು ಇಳಿಯಿತು, ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು, ಆದರೆ ಗಂಟಲಿನಿಂದ ಒಂದು ಅಕ್ಷರವೂ ಹೊರಬರಲಿಲ್ಲ. ಹಳೆಯ ಕಾಲದಲ್ಲಿ ಇದಕ್ಕಿಂತ ಕಡಿಮೆ ಸಹಿಸಿದವರ ಹೆಸರಿನಲ್ಲಿ ಚರ್ಚು ಕಟ್ಟಿದ್ದುಂಟು.

"ನಿಜವಾಗಿಯೇ ಹೋಗಿದೆ," ಎಂದು ವೈದ್ಯರು ನಿರಾಶೆಯಿಂದ ಒಪ್ಪಿದರು.

ವೆಂಡೆಲ್‌ಗೆ ಸಿಕ್ಕಿದ್ದು ಶವಸಂಸ್ಕಾರದ ಮನೆಯ ಪೀಠ. ಅದರೊಳಗಿನ ಗೂಡಿನಲ್ಲಿ ಅಳುವವರಿಗೆಂದು ಇಟ್ಟಿದ್ದ ಕಾಗದದ ಕರವಸ್ತ್ರಗಳು ಆಗ ಉಪಯೋಗಕ್ಕೆ ಬಂದವು. ಪಕ್ಕದಲ್ಲಿ ನಿಂತ ಲೊರೆಟಾಳ ಕೈಗೆ ಅವನು ರಬ್ಬರ್ ಬ್ಯಾಂಡಿನ ಚೀಟಿಗಳನ್ನು ಕೊಟ್ಟ. ಅವಳು ಚೀಟಿ ನೋಡಿದಳು, ಅವನ ಮುಖ ನೋಡಿದಳು. ಅವನು ಕೆಂಪು ಕಣ್ಣಿನಿಂದ ತಲೆಯಾಡಿಸಹೋಗಿ, ನೋವಿಗೆ ಅರ್ಧಕ್ಕೇ ನಿಲ್ಲಿಸಿದ.

"ಅಭ್ಯರ್ಥಿಯೇ ಮಾತಾಡಿದಂತೆ ಓದಬೇಕು," ಎಂದು ಬರ್ನಿಸ್ ನೆನಪಿಸಿದರು.

ಲೊರೆಟಾ ಗಂಟಲು ಸರಿಮಾಡಿಕೊಂಡಳು. "ನಾನು, ವೆಂಡೆಲ್ ಓಸ್ಟ್‌ಬಿ, ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಶಾಲಾಬಸ್ಸಿನ ಇಂಜಿನ್ ಶುರು ಮಾಡ್ತಿದ್ದೇನೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನ ಮುದುಕನೊಬ್ಬ ಪಕ್ಕದವನಿಗೆ, "ಇವನು ಬಸ್ಸೂ ಓಡಿಸ್ತಾನಾ?" ಎಂದ. "ಸುಮ್ಮನಿರೋ, ಕೇಳು," ಎಂದ ಪಕ್ಕದವನು.

ತೆರಿಗೆಯ ಬಗ್ಗೆ ಪ್ರಶ್ನೆ ಬಂತು. ಬೀಜದ ವ್ಯಾಪಾರಿ ತೆರಿಗೆಯ ಬಗ್ಗೆ ಹೇಳಿದ. ವಕೀಲ ಸ್ವಾತಂತ್ರ್ಯದ ಬಗ್ಗೆ ಹೇಳಿದ. ಹರಾಜುಗಾರ ಮರ್ಲ್ ಷೂಕ್ ಒಂದು ನಿಮಿಷದಲ್ಲಿ ನಾಲ್ಕು ನಿಮಿಷದ ಮಾತಾಡಿದ, ಯಾರಿಗೂ ಏನೂ ತಿಳಿಯಲಿಲ್ಲ, ಇಬ್ಬರು ಅಭ್ಯಾಸಬಲದಿಂದ ಕೈ ಎತ್ತಿದರು. ಲೊರೆಟಾ ಆಟರ್ ಹಳ್ಳದ ಸೇತುವೆಯ ಬಗ್ಗೆ ಹೇಳಿದಳು. ಶಿಕ್ಷಣದ ಬಗ್ಗೆ ಕೇಳಿದಾಗ ಸೇತುವೆಯ ಬಗ್ಗೆ ಹೇಳಿದಳು. ಕುಟುಂಬ ಮೌಲ್ಯಗಳ ಬಗ್ಗೆ ಕೇಳಿದಾಗ ಐದೂ ನಲವತ್ತಕ್ಕೆ ಬಸ್ಸು ಹತ್ತುವ ಮಕ್ಕಳ ಬಗ್ಗೆ ಹೇಳಿದಳು. "ನಾನು, ವೆಂಡೆಲ್ ಓಸ್ಟ್‌ಬಿ, ಆ ಹುಡುಗಿಗೆ ಇನ್ನೊಂದು ಶೂ ಹಾಕ್ತೀನಿ. ಅವಳಿಗೆ ಎಚ್ಚರಾಗಲ್ಲ," ಎಂದಾಗ ಗಾಳಿ ಬೀಸುವ ಹಾಳೆಗಳೆಲ್ಲ ನಿಂತವು.

ಮೊದಲು ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು.

"ಎಂಥ ಮನುಷ್ಯ!" ಎಂದಳು ಎರಡನೆಯ ಸಾಲಿನಲ್ಲಿ ಒಬ್ಬಳು, ಕಣ್ಣೊರೆಸಿಕೊಳ್ಳುತ್ತ. "ಇಷ್ಟು ದಿನ ಬರೀ ಕುರ್ಚಿ ಹಾಕಿಸಿದ್ದೀವಲ್ಲ ಇವನ ಕೈಲಿ!"

"ವೆಂಡೆಲ್! ವೆಂಡೆಲ್!" ಎಂದು ಪೆಟ್ರೋಲ್ ಬಂಕಿನ ಮುದುಕರು ಕಾಲಿನಿಂದ ನೆಲ ಬಡಿದರು.

ವೆಂಡೆಲ್ ಎಲ್ಲವನ್ನೂ ಕೇಳಿಸಿಕೊಂಡ. ಹನ್ನೊಂದು ಕಾಳಿಗೇ ಬೆವರಿದ್ದವನ ಮುಂದೆ ಈಗ ನಾನೂರು ಜನ ಅವನ ಹೆಸರು ಕೂಗುತ್ತಿದ್ದರು. ಪಕ್ಕದಲ್ಲಿ ಲೊರೆಟಾ ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು. ಅವಳತ್ತ ಯಾರೂ ನೋಡುತ್ತಿರಲಿಲ್ಲ. ಚೆನ್ನಾಗಿ ಓದುತ್ತಾಳೆ ಎಂದು ಮಾತ್ರ ಯಾರೋ ಹೇಳಿದರು.

"ಕೊನೆಯ ಮಾತು. ಶ್ರೀ ಓಸ್ಟ್‌ಬಿಯವರಿಗೆ ಮೂವತ್ತು ಸೆಕೆಂಡು," ಎಂದರು ಬರ್ನಿಸ್, ಗಡಿಯಾರ ಹಿಡಿದು.

ವೆಂಡೆಲ್ ಮಫ್ಲರನ್ನು ಪೀಠದ ಮೇಲಿಟ್ಟು ಮೈಕಿನ ಹತ್ತಿರ ಬಾಗಿದ.

"ನನ್ನ ಧ್ವನಿ ಹೋಗಿಲ್ಲ," ಎಂದ.

ಡಾಕ್ಟರ್ ಗ್ರೋಟ್ ತಮ್ಮ ಕೈಗಳನ್ನು ನೋಡಿಕೊಂಡು, "ವಾಪಸು ಬಂತು!" ಎಂದು ಕೂಗಿದರು.

"ಹೋಗೇ ಇರಲಿಲ್ಲ ಡಾಕ್ಟ್ರೇ. ನೋವಂತೂ ಆಯ್ತು." ಅವನು ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ. "ಈಗ ಕೇಳಿದ್ದು ಒಂದೂ ನನ್ನದಲ್ಲ. ಆ ನೀಲಿ ಜಾಡಿ ಕಾಳು ತುಂಬಿಡೋದಕ್ಕೆ ಇಟ್ಟಿದ್ದು. ಅದು ಸಾಲಿನಲ್ಲಿ ಇದ್ದದ್ದನ್ನು ನಾನು ನಾಲ್ಕನೇ ದಿನವೇ ನೋಡಿದೆ. ತೆಗೀಲಿಲ್ಲ. ನಾನೇ ಒಂದು ಕಾಳು ಹಾಕಿದೆ. ಅದೇ ಒಂದು ಕಾಳು." ಅವನು ಬರ್ನಿಸ್‌ರತ್ತ ತಿರುಗಿದ. ಕುತ್ತಿಗೆ ತಿರುಗದೆ ಇಡೀ ಮೈ ತಿರುಗಿಸಬೇಕಾಯಿತು. "ಹನ್ನೊಂದನೇ ನಿಯಮ ಮುರಿದಿದ್ದೀನಿ, ಮಿಸೆಸ್ ಹೋವ್ಲಂಡ್. ಆ ಕಿಟಕಿ ಒಡೆದದ್ದೂ ನಾನೇ."

ಬರ್ನಿಸ್ ನಿಯಮಾವಳಿಯ ನಾಲ್ಕು ಪುಟ ತೆರೆದು, ಏಳನೆಯದರ ಮೇಲೆ ಬೆರಳಿಟ್ಟು, ತುಟಿ ಅಲುಗಿಸದೆ ಓದಿಕೊಂಡರು. ಬಳಿಕ ಗಡಿಯಾರ ನೋಡಿದರು.

"ಶ್ರೀ ಓಸ್ಟ್‌ಬಿಯವರನ್ನು ತೆಗೆದುಹಾಕಲಾಗಿದೆ. ಆರನೆಯವರನ್ನು ಕರೆಯಲಾಗಿದೆ. ಶ್ರೀಮತಿ ಕ್ರೆಬ್ಸ್ ಅವರಿಗೆ ಒಂಬತ್ತು ಸೆಕೆಂಡು ಉಳಿದಿದೆ."

ಲೊರೆಟಾ ಮೈಕಿನ ಮುಂದೆ ಬಂದಳು. ಅವಳ ಕೈಯಲ್ಲಿ ಚೀಟಿ ಇರಲಿಲ್ಲ.

"ನಾನು ಲೊರೆಟಾ ಕ್ರೆಬ್ಸ್," ಎಂದಳು. "ಇದುವರೆಗೆ ಹೇಳಿದ್ದೆಲ್ಲ ನಾನು." ಇನ್ನೂ ನಾಲ್ಕು ಸೆಕೆಂಡು ಇತ್ತು. ಅವಳಿಗೆ ಅದು ಬೇಕಾಗಲಿಲ್ಲ.

ಅಂದು ಕುರ್ಚಿಗಳನ್ನು ಮಡಿಸುವಾಗ ವೆಂಡೆಲ್‌ನ ಹತ್ತಿರ ಯಾರೂ ಬರಲಿಲ್ಲ. ಇನ್ನೂರು ಮಡಿಸಿದ ಮೇಲೆ ಬರ್ನಿಸ್ ಬಂದು ಇನ್ನೊಂದು ತುದಿಯಿಂದ ಮಡಿಸತೊಡಗಿದರು. ಎಪ್ಪತ್ತಾರರ ಹೆಂಗಸು. ಕೊನೆಯ ಕುರ್ಚಿಯ ಹತ್ತಿರ ಇಬ್ಬರೂ ಎದುರಾದರು. ನಿಯಮಾವಳಿ ಬರೆಯುವ ಕೆಲಸದಿಂದ ಅವನನ್ನು ಆಜೀವ ಕೈಬಿಟ್ಟ ಸಮಿತಿಯ ಪತ್ರ ಮಾತ್ರ ಮರುದಿನದ ಅಂಚೆಯಲ್ಲಿ ಬಂತು.

ಶನಿವಾರ ಬೆಳಿಗ್ಗೆ ಅವನು ಕುತ್ತಿಗೆ ನೆಟ್ಟಗಿಟ್ಟುಕೊಂಡು ಲೊರೆಟಾ ಮನೆಗೆ ನಡೆದು ಹೋದ. ಅವಳು ಅಂಗಳದಲ್ಲಿ ಬಸ್ಸಿನ ಗಾಜು ಒರೆಸುತ್ತಿದ್ದಳು. ಕೇಕಿನ ತಟ್ಟೆ ಅವನ ಕೈಯಲ್ಲಿತ್ತು. ಅದರಲ್ಲಿ ಆರ್ಲಿಸ್ ಮಾಡಿದ ಬಿಸಿ ಬನ್ನುಗಳು, ಒಂದು ಮೂಲೆಯಲ್ಲಿ, ಕಾಗದದ ಕರವಸ್ತ್ರದಲ್ಲಿ ಮಡಿಸಿದ ಏನೋ. ಲೊರೆಟಾ ಬಿಡಿಸಿ ನೋಡಿದಳು. ಹಳದಿ ಮೆಕ್ಕೆಜೋಳದ ಒಂದು ಕಾಳು.

"ಅದೇನಾ ಇದು?" ಎಂದಳು.

"ಐವತ್ತೊಂಬತ್ತರಲ್ಲಿ ಅದು ಯಾವುದು ಅಂತ ನನಗೆ ಗೊತ್ತಾಗಲಿಲ್ಲ. ಒಂದು ಆರಿಸಿ ತಂದೆ."

ಲೊರೆಟಾ ಕಾಳನ್ನು ಬೆರಳ ನಡುವೆ ತಿರುಗಿಸಿ ನೋಡಿದಳು. ಬಸ್ಸಿನೊಳಗೆ ಹೋಗಿ ಚಾಲಕನ ಮುಂದಿನ ಬಟ್ಟಲಿನಲ್ಲಿ, ಮಕ್ಕಳು ಬಿಟ್ಟುಹೋದ ಗುಂಡಿ ಪಿನ್ನುಗಳ ಜೊತೆ, ಅದನ್ನು ಹಾಕಿದಳು. ಅದು ಠಣ್ಣೆಂದಿತು.

"ಐವತ್ತೊಂಬತ್ತು," ಎಂದಳು ಇಳಿದು ಬಂದು. ಆಮೇಲೆ, "ಕಾಫಿ ಕುಡೀತೀಯಾ?"

"ಕುಡೀತೀನಿ," ಎಂದ ವೆಂಡೆಲ್, ಮೊದಲ ಸಲಕ್ಕೇ.

ಬನ್ನಿನ ತಟ್ಟೆ ಲೊರೆಟಾಳ ಕೈ ಜಾರುವುದರಲ್ಲಿತ್ತು. ಬೇಲಿಯ ಆಚೆ ಬಟ್ಟೆ ಹರವುತ್ತಿದ್ದ ನೆರೆಯವಳು ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ನಿಂತುಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಆ ಸುದ್ದಿ ಪೆಟ್ರೋಲ್ ಬಂಕಿಗೆ ಮುಟ್ಟಿತ್ತು, ಅಲ್ಲಿಯ ಮುದುಕರು ಅದನ್ನು ನಂಬಲಿಲ್ಲ.